ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಕಠಿಣತೆಯ ಅಂಕಗಳು: ಕಲಬುರಗಿಯ ಪಾಲಕರು ಮತ್ತು ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಲೀಮಿಗೆ ಕಲಬುರಗಿ ಪಟ್ಟಣದ ಮಕ್ಕಳಲ್ಲದೆ ಆಳಂದ, ಜೇವರ್ಗಿ, ಸೇಡಂ ಕಡೆಯ ಮಕ್ಕಳೂ ಬರುತ್ತಾರೆ. ಹೊಸ ನಿಯಮಗಳು ಬಂದಂದಿನಿಂದ ಅವರ ಪಾಲಕರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಂಕಗಳನ್ನು ಕುರಿತವೇ ಆಗಿವೆ. ಒಬ್ಬೊಬ್ಬರಿಗೂ ಬಾಗಿಲಲ್ಲಿ ನಿಂತು ಅರ್ಧರ್ಧ ಉತ್ತರ ಕೊಡುವ ಬದಲು, ತರಬೇತಿ ಕೊಡುವವಳಾಗಿ ಮತ್ತು ಸ್ಥಳೀಯ ಸ್ಪರ್ಧೆಗಳಲ್ಲಿ ತೀರ್ಪುಗಾರರ ಮೇಜಿನಲ್ಲಿ ಕುಳಿತವಳಾಗಿ ನನಗೆ ತಿಳಿದದ್ದನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ಇಲ್ಲಿನ ಲೆಕ್ಕಗಳೆಲ್ಲ ಸೀನಿಯರ್ ವಿಭಾಗದ ವೈಯಕ್ತಿಕ ಸ್ಪರ್ಧೆಗೆ ಸಂಬಂಧಿಸಿದವು. ಜೂನಿಯರ್‌ಗಳ ವಿಷಯವನ್ನು ಬೇರೆಯಾಗಿ ಹೇಳಿದ್ದೇನೆ.

ಬದಲಾಗಿದ್ದು ಏನು, ಯಾವಾಗಿನಿಂದ?

ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಒಂದೊಂದು ಒಲಿಂಪಿಕ್ ಅವಧಿಗೆ ಒಂದೊಂದು ಅಂಕ ಸಂಹಿತೆಯನ್ನು ಹೊರಡಿಸುತ್ತದೆ. ಬಾಯಿಮಾತಿನಲ್ಲಿ ನಾವು ಅದನ್ನು ಕೋಡ್ ಎನ್ನುತ್ತೇವೆ. ಕೋವಿಡ್‌ನಿಂದಾಗಿ ಟೋಕಿಯೊ ಒಲಿಂಪಿಕ್ಸ್ 2021ಕ್ಕೆ ಮುಂದೆ ಹೋದದ್ದರಿಂದ ಅದರ ನಂತರದ ಕೋಡ್ 2022ರಿಂದ 2024ರವರೆಗೆ ಮೂರೇ ವರ್ಷ ಜಾರಿಯಲ್ಲಿತ್ತು. ಈಗ ನಡೆಯುತ್ತಿರುವುದು 2025ರಿಂದ 2028ರವರೆಗಿನ ಕೋಡ್.

ಕಠಿಣತೆಯ ವಿಷಯದಲ್ಲಿ ಈ ಕೋಡ್ ಮಾಡಿದ ಮುಖ್ಯ ಬದಲಾವಣೆ ಎಂದರೆ ಲೆಕ್ಕಕ್ಕೆ ಬರುವ ಅಂಶಗಳ ಸಂಖ್ಯೆಯನ್ನು ಇಳಿಸಿದ್ದು. ದೇಹದ ಕಠಿಣ ಚಲನೆಗಳಲ್ಲಿ, ಅಂದರೆ ಡಿಬಿಯಲ್ಲಿ, ಹಿಂದೆ 9 ಲೆಕ್ಕಕ್ಕೆ ಬರುತ್ತಿದ್ದವು, ಈಗ 8 ಬರುತ್ತವೆ. ಉಪಕರಣವನ್ನು (ಚೆಂಡು, ಹೂಪ್ ಎಂಬ ದೊಡ್ಡ ಬಳೆ, ಗದೆಯಂತಹ ಜೋಡಿ ಕ್ಲಬ್ಸ್ ಅಥವಾ ರಿಬ್ಬನ್) ಎತ್ತರಕ್ಕೆ ಎಸೆದು ಕೆಳಗೆ ಉರುಳಿ ಅಥವಾ ತಿರುಗಿ ಹಿಡಿಯುವ ಆರ್ ಅಂಶಗಳು 5 ಇದ್ದದ್ದು 4 ಆಗಿವೆ. ಉಪಕರಣದ ಕಠಿಣ ಕೌಶಲ, ಅಂದರೆ ಡಿಎ, 20ರಿಂದ 15ಕ್ಕೆ ಇಳಿದಿದೆ. ಎಲ್ಲಕ್ಕಿಂತ ದೊಡ್ಡ ಇಳಿಕೆ ಈ ಕೊನೆಯದು, ಮಕ್ಕಳ ರೊಟೀನ್‌ಗಳನ್ನು, ಅಂದರೆ ಸಂಗೀತಕ್ಕೆ ಜೋಡಿಸಿದ ಪೂರ್ತಿ ಪ್ರದರ್ಶನಗಳನ್ನು, ಬುಡಸಮೇತ ತಿದ್ದುವಂತೆ ಮಾಡಿದ್ದೂ ಅದೇ.

ಒಟ್ಟು ಅಂಕವನ್ನು ಹೇಗೆ ಕೂಡಿಸುತ್ತಾರೆ?

ಮೂರು ಭಾಗಗಳಿವೆ. ಕಠಿಣತೆಗೆ ಡಿ, ಕಲಾತ್ಮಕತೆಗೆ ಎ, ಮಾಡಿದ್ದನ್ನು ಎಷ್ಟು ಶುದ್ಧವಾಗಿ ಮಾಡಿದ್ದಾಳೆ ಎಂಬುದಕ್ಕೆ ಇ. ಎ ಮತ್ತು ಇ ಎರಡೂ 10ರಿಂದ ಆರಂಭವಾಗಿ ತಪ್ಪಿಗೆ ತಕ್ಕಂತೆ ಇಳಿಯುತ್ತವೆ. ಡಿ ಮಾತ್ರ ಸೊನ್ನೆಯಿಂದ ಆರಂಭವಾಗಿ ಮೇಲಕ್ಕೆ ಏರುತ್ತದೆ, ಅದಕ್ಕೆ ಗರಿಷ್ಠ ಅಂಕ ಎಂಬುದಿಲ್ಲ. ಈ ಮೂರನ್ನೂ ಕೂಡಿಸಿ, ಗೆರೆ ದಾಟಿದ್ದಕ್ಕೆ 0.30, ಸಂಗೀತದ ಸಮಯ ಹೆಚ್ಚು ಕಡಿಮೆಯಾದ ಪ್ರತಿ ಸೆಕೆಂಡಿಗೆ 0.05 ಎಂಬಂತಹ ದಂಡಗಳನ್ನು ಕಳೆದರೆ ಅಂತಿಮ ಅಂಕ ಬರುತ್ತದೆ.

ಕಠಿಣತೆಯನ್ನು ನೋಡುವ ತೀರ್ಪುಗಾರರು ಎರಡು ಜೋಡಿಗಳಾಗಿ ಕೂರುತ್ತಾರೆ; ಒಂದು ಜೋಡಿ ದೇಹವನ್ನು ನೋಡಿದರೆ ಇನ್ನೊಂದು ಜೋಡಿ ಉಪಕರಣವನ್ನು ನೋಡುತ್ತದೆ. ಹುಡುಗಿ ಮಾಡುತ್ತಿದ್ದಂತೆಯೇ ಅವರು ಸಂಕೇತಗಳಲ್ಲಿ ಬರೆದುಕೊಳ್ಳುತ್ತ ಹೋಗುತ್ತಾರೆ, ತಲೆ ತಗ್ಗಿಸುವಷ್ಟು ಪುರಸೊತ್ತೂ ಅವರಿಗೆ ಇರುವುದಿಲ್ಲ. ಆದ್ದರಿಂದಲೇ ಅಸ್ಪಷ್ಟವಾಗಿ ಮಾಡಿದ ಚಲನೆ ಅವರ ಹಾಳೆಯ ಮೇಲೆ ಬರುವುದೇ ಇಲ್ಲ.

ಮಗಳು ಒಮ್ಮೆಯೂ ಉಪಕರಣ ಬೀಳಿಸಲಿಲ್ಲ. ಆದರೂ ಅಂಕ ಕಡಿಮೆ ಬಂದದ್ದೇಕೆ?

ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಸ್ಪರ್ಧೆ ಮುಗಿದ ಮೇಲೆ ತಾಯಿಯೊಬ್ಬರು ಮಗಳ ಚೀಲ ಹಿಡಿದುಕೊಂಡೇ ಬಂದು, "ಮೇಡಂ, ಒಂದು ಸಲನೂ ಕೈ ಬಿಟ್ಟಿಲ್ರಿ ಆಕಿ, ಹಂಗಾದ್ರ ಅಂಕ ಯಾಕ ಕಡಿಮಿ ಬಂತ್ರಿ?" ಎಂದು ಕೇಳಿದ್ದು ನನಗೆ ಇಂದಿಗೂ ಮರೆತಿಲ್ಲ. ಅವರ ನೋವು ನ್ಯಾಯವಾದದ್ದು, ಏಕೆಂದರೆ ಆಸನದಲ್ಲಿ ಕುಳಿತವರ ಕಣ್ಣಿಗೆ ಕಾಣುವ ತಪ್ಪು ಉಪಕರಣ ಬೀಳುವುದೊಂದೇ.

ಆದರೆ ಡಿ ಅಂಕ ಮಗು ತಪ್ಪು ಮಾಡಲಿಲ್ಲ ಎಂಬ ಕಾರಣಕ್ಕೆ ಸಿಗುವುದಿಲ್ಲ, ನಿಯಮ ಕೇಳಿದ್ದನ್ನು ಪೂರ್ತಿಯಾಗಿ ತೋರಿಸಿದಾಗ ಮಾತ್ರ ಸಿಗುತ್ತದೆ. ಆ ಹುಡುಗಿ ಹದಿನೆಂಟು ಡಿಎ ಮಾಡಿದ್ದಳು. ಅವುಗಳಲ್ಲಿ ಆರು ಅಪೂರ್ಣವಾಗಿದ್ದವು. ಬೆನ್ನ ಹಿಂದೆ ಹಿಡಿಯಬೇಕಾದ ಚೆಂಡನ್ನು ಸೊಂಟದ ಪಕ್ಕದಲ್ಲಿ ಹಿಡಿದಿದ್ದಳು, ಕೈ ತಾಗದೆ ಉರುಳಬೇಕಾದ ಕಡೆ ಬೆರಳು ತಾಗಿತ್ತು. ನೋಡಲು ಎಲ್ಲವೂ ಸರಾಗವಾಗಿತ್ತು, ಹಾಳೆಯ ಮೇಲೆ ಆ ಆರೂ ಸೊನ್ನೆಯಾಗಿದ್ದವು. ಇದರ ಜೊತೆಗೆ ಎರಡು ಸಮತೋಲನಗಳಲ್ಲಿ ಕಾಲಿನ ಕೋನ ಇಳಿದದ್ದರಿಂದ ಆ ಡಿಬಿಗಳೂ ಹೋದವು. ಬೀಳಿಸದೆಯೇ ಅಂಕ ಹೋಗುವುದು ಹೀಗೆ.

ಡಿಬಿ ಎಂದರೆ ಏನು? ಅದು ಯಾವಾಗ ಲೆಕ್ಕಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ?

ಡಿಬಿಯಲ್ಲಿ ಮೂರು ಗುಂಪುಗಳಿವೆ: ಜಿಗಿತ, ಸಮತೋಲನ ಮತ್ತು ತಿರುಗುವಿಕೆ. ಮೂರರಿಂದಲೂ ಕನಿಷ್ಠ ಒಂದೊಂದು ಇರಲೇಬೇಕು, ಇಲ್ಲದಿದ್ದರೆ ಇಲ್ಲದ ಪ್ರತಿ ಗುಂಪಿಗೂ 0.30 ಕಳೆಯುತ್ತಾರೆ. ಪ್ರತಿ ಡಿಬಿಗೂ ಕೋಡ್‌ನಲ್ಲಿ ಒಂದು ಮೌಲ್ಯ ಇದೆ. ಮಕ್ಕಳು ಮೊದಲು ಕಲಿಯುವ ಪಾಸೆ ಪಿವೊಟ್ ಅನ್ನೇ ತೆಗೆದುಕೊಳ್ಳಿ. ಒಂದು ಕಾಲಿನ ತುದಿಬೆರಳ ಮೇಲೆ ನಿಂತು, ಇನ್ನೊಂದು ಪಾದವನ್ನು ಮೊಣಕಾಲಿಗೆ ತಂದು ಒಂದು ಪೂರ್ಣ ಸುತ್ತು ತಿರುಗಿದರೆ 0.10, ಎರಡು ಸುತ್ತಿಗೆ 0.20, ಮೂರಕ್ಕೆ 0.30. ನಡುವೆ ಹಿಮ್ಮಡಿ ನೆಲ ಮುಟ್ಟಿತೋ, ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಹಿಮ್ಮಡಿ ಇಳಿದ ಮೇಲೆ ಹುಡುಗಿ ಇನ್ನೆರಡು ಸುತ್ತು ಹಾಕಿದರೂ ಅವುಗಳಿಗೆ ಅಂಕವಿಲ್ಲ.

ಆಕಾರದ ವಿಷಯದಲ್ಲಿ ನಿಯಮ ಬಹಳ ಖಚಿತವಾಗಿದೆ. ಕಾಲು ಇರಬೇಕಾದ ಜಾಗದಿಂದ 10 ಡಿಗ್ರಿಯವರೆಗೆ ಕೆಳಗಿದ್ದರೆ ಡಿಬಿ ಉಳಿಯುತ್ತದೆ, ಇ ಅಂಕದಲ್ಲಿ 0.10 ಹೋಗುತ್ತದೆ. 20 ಡಿಗ್ರಿಯವರೆಗೆ ಇಳಿದರೂ ಡಿಬಿ ಉಳಿಯುತ್ತದೆ, ಆದರೆ ಇ ಅಂಕದಲ್ಲಿ 0.30 ಹೋಗುತ್ತದೆ. ಅದಕ್ಕಿಂತ ಹೆಚ್ಚು ಇಳಿದರೆ ಡಿಬಿಯೂ ಇಲ್ಲ, ಮೇಲಿಂದ 0.50 ದಂಡವೂ ಬೀಳುತ್ತದೆ. ಹೀಗಾಗಿ ಇನ್ನೂ ಕೂಡದ ಕಷ್ಟದ ಚಲನೆಯನ್ನು ರೊಟೀನ್‌ನಲ್ಲಿ ಇಡುವುದು ಎರಡು ಕಡೆಯಿಂದ ನಷ್ಟ. ನಾನು ಮಕ್ಕಳಿಗೆ ಮೊಬೈಲ್‌ನಲ್ಲಿ ಪಕ್ಕದಿಂದ ಚಿತ್ರ ತೆಗೆದು, ಅದರ ಮೇಲೆ ಕೋನಮಾಪಕ ಇಟ್ಟು ತೋರಿಸುತ್ತೇನೆ. ಕಂಪಾಸ್ ಪೆಟ್ಟಿಗೆಯ ಆ ಪ್ಲಾಸ್ಟಿಕ್ ತುಂಡು ನನ್ನ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿದೆ.

ಇನ್ನೊಂದು ಮಾತು. ಡಿಬಿ ಮಾಡುವಾಗ ಕೈಯಲ್ಲಿನ ಉಪಕರಣವೂ ಕೆಲಸ ಮಾಡುತ್ತಿರಬೇಕು. ಚೆಂಡನ್ನು ಸುಮ್ಮನೆ ಹಿಡಿದು ಎಷ್ಟೇ ಸೊಗಸಾಗಿ ಜಿಗಿದರೂ ಅದು ಡಿಬಿ ಆಗುವುದಿಲ್ಲ. ಭರತನಾಟ್ಯ ಅಥವಾ ಯೋಗದಿಂದ ಬಂದ ಮಕ್ಕಳು ಮೊದಲ ವರ್ಷ ಎಡವುವುದು ಇಲ್ಲಿಯೇ. ಅವರ ದೇಹ ಸಿದ್ಧವಾಗಿರುತ್ತದೆ, ಕೈ ಮರೆತಿರುತ್ತದೆ.

ಡಿಎ ಎಂದರೆ ಏನು? ಕೆಲವರು ಇನ್ನೂ ಮಾಸ್ಟರಿ ಎನ್ನುತ್ತಾರಲ್ಲ?

ಮಾಸ್ಟರಿ ಎಂಬುದು 2013ರಿಂದ 2016ರವರೆಗಿನ ಕೋಡ್‌ನ ಹೆಸರು. ಹಳೆಯ ತರಬೇತುದಾರರ ಬಾಯಲ್ಲಿ ಅದು ಉಳಿದುಕೊಂಡಿದೆ. ಈಗಿನ ಡಿಎ ಅದೇ ವಂಶದ್ದಾದರೂ ಲೆಕ್ಕ ಬೇರೆ.

ಒಂದು ಡಿಎ ಆಗಬೇಕಾದರೆ ಒಂದು ಮೂಲ ಕ್ರಿಯೆ ಮತ್ತು ಎರಡು ಷರತ್ತುಗಳು ಕೂಡಬೇಕು, ಅಥವಾ ಎರಡು ಮೂಲ ಕ್ರಿಯೆಗಳಿಗೆ ಒಂದು ಷರತ್ತು ಸೇರಬೇಕು. ಉದಾಹರಣೆಗೆ, ಎತ್ತರಕ್ಕೆ ಎಸೆದ ಚೆಂಡನ್ನು ಹಿಡಿಯುವುದು ಮೂಲ ಕ್ರಿಯೆ. ಮುಂದಕ್ಕೆ ಬಾಗಿ ಅದನ್ನು ಬೆನ್ನಿನ ಮೇಲೆ ಹಿಡಿದರೆ, ಕಣ್ಣಿಗೆ ಕಾಣದಂತೆ ಹಿಡಿದದ್ದು ಒಂದು ಷರತ್ತು, ಕೈ ಬಳಸದೆ ಹಿಡಿದದ್ದು ಇನ್ನೊಂದು ಷರತ್ತು. ಮೂರೂ ಸೇರಿದರೆ ಡಿಎ ಆಯಿತು. ಚೆಂಡು ಜಾರುತ್ತಿದೆ ಎಂದು ಕೊನೆಯ ಗಳಿಗೆಯಲ್ಲಿ ಒಂದು ಕೈ ಹಿಂದೆ ಹೋಗಿ ಅದನ್ನು ತಡೆದರೆ, ಕೈ ಬಳಸದೆ ಎಂಬ ಷರತ್ತು ಬಿದ್ದುಹೋಯಿತು. ಉಳಿದದ್ದು ಒಂದೇ ಷರತ್ತು, ಆದ್ದರಿಂದ ಅಂಕ ಸೊನ್ನೆ. ಅರ್ಧ ಮಾಡಿದ್ದಕ್ಕೆ ಅರ್ಧ ಅಂಕ ಕೊಡುವ ಪದ್ಧತಿ ಡಿಎಯಲ್ಲಿ ಇಲ್ಲ ಎಂಬುದನ್ನು ಪಾಲಕರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕಾಲಿನ ಕೆಳಗಿನಿಂದ, ನೆಲದ ಮೇಲೆ ಕುಳಿತು ಅಥವಾ ಮಲಗಿ, ದೇಹ ತಿರುಗುತ್ತಿರುವಾಗ, ಡಿಬಿ ನಡೆಯುತ್ತಿರುವಾಗ, ಇವೂ ಇಂತಹ ಷರತ್ತುಗಳೇ. ಈ ಕೊನೆಯದನ್ನು ಗಮನಿಸಿ: ಒಂದೇ ಜಿಗಿತದಲ್ಲಿ ಡಿಬಿಯನ್ನೂ ಡಿಎಯನ್ನೂ ಒಟ್ಟಿಗೆ ಗಳಿಸಲು ಅವಕಾಶವಿದೆ, ಬಲ್ಲ ಹುಡುಗಿಯರು ಹಾಗೆಯೇ ಸಮಯ ಉಳಿಸುತ್ತಾರೆ.

20ರ ಬದಲು 15 ಎಂದರೆ ಕೊನೆಯ ಐದನ್ನು ಕಿತ್ತುಹಾಕಿದರೆ ಸಾಕಲ್ಲವೇ?

ಸಾಲದು. ಈ ಉತ್ತರವನ್ನು ನನ್ನ ಸ್ವಂತ ತಪ್ಪಿನಿಂದ ಕಲಿತಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡಿಬಿಯಲ್ಲಿ ತೀರ್ಪುಗಾರರು ಹೆಚ್ಚು ಮೌಲ್ಯದ ಎಂಟನ್ನು ಆರಿಸಿಕೊಳ್ಳುತ್ತಾರೆ. ಹುಡುಗಿ ಹತ್ತು ಮಾಡಿದರೆ ಅತಿ ಕಡಿಮೆ ಮೌಲ್ಯದ ಎರಡು ಬಿದ್ದುಹೋಗುತ್ತವೆ, ಅವು ರೊಟೀನ್‌ನಲ್ಲಿ ಎಲ್ಲಿದ್ದರೂ ಸರಿ. ಡಿಎಯಲ್ಲಿ ಹಾಗಲ್ಲ. ಅವುಗಳನ್ನು ಮಾಡಿದ ಕ್ರಮದಲ್ಲಿ ಎಣಿಸುತ್ತಾರೆ. ಹದಿನೈದು ತುಂಬಿದ ಮೇಲೆ ಬಂದದ್ದು ಎಷ್ಟೇ ದೊಡ್ಡದಾಗಿದ್ದರೂ ಅದಕ್ಕೆ ಕಠಿಣತೆಯ ಅಂಕ ಇಲ್ಲ.

2025ರಲ್ಲಿ ಹೊಸ ಕೋಡ್ ಬಂದಾಗ ನಾನು ಒಬ್ಬ ಹುಡುಗಿಯ ಚೆಂಡಿನ ರೊಟೀನ್ ಅನ್ನು ಹಳೆಯ ಜೋಡಣೆಯಲ್ಲಿಯೇ ಬಿಟ್ಟಿದ್ದೆ. ಆರಂಭದಲ್ಲಿ ಕೈ ಕಾಯಲೆಂದು ಸಣ್ಣ ಮೌಲ್ಯದ ಡಿಎಗಳನ್ನು ಸಾಲಾಗಿ ಇಟ್ಟಿದ್ದೆ. ಎತ್ತರದ ಎಸೆತದಿಂದ ಬರುವ ಹೆಚ್ಚು ಮೌಲ್ಯದವು ಒಂದು ನಿಮಿಷದ ನಂತರ, ಸಂಗೀತ ಏರುವಲ್ಲಿ ಬರುತ್ತಿದ್ದವು. ಇಪ್ಪತ್ತರ ಕಾಲದಲ್ಲಿ ಅವೆಲ್ಲವೂ ಎಣಿಕೆಯ ಒಳಗೇ ಇದ್ದವು. ಈಗ ಅವು ಬರುವ ಮೊದಲೇ ಹದಿನೈದು ತುಂಬಿಬಿಟ್ಟಿತು. ಹುಡುಗಿ ಆ ದಿನ ತನ್ನ ಜೀವನದಲ್ಲೇ ಮೊದಲ ಬಾರಿಗೆ ಬೆನ್ನಿನ ಹಿಡಿತವನ್ನು ಸ್ಪರ್ಧೆಯಲ್ಲಿ ಸರಿಯಾಗಿ ಮಾಡಿದಳು, ಅದಕ್ಕೆ ಒಂದು ಅಂಶದಷ್ಟೂ ಕಠಿಣತೆಯ ಅಂಕ ಬರಲಿಲ್ಲ. ತಪ್ಪು ಅವಳದಲ್ಲ, ನನ್ನದು ಎಂದು ಅಂದೇ ಅವಳಿಗೂ ಅವಳ ತಂದೆಗೂ ಹೇಳಿದೆ. ಮರುವಾರದಿಂದಲೇ ಪ್ರತಿ ರೊಟೀನ್‌ಗೂ ಒಂದು ನೋಟ್‌ಬುಕ್ ಪುಟ ಮಾಡಿ, ಡಿಎಗಳಿಗೆ ಒಂದರಿಂದ ಹದಿನೈದರವರೆಗೆ ಸಂಖ್ಯೆ ಕೊಟ್ಟು, ಪ್ರತಿಯೊಂದರ ಮುಂದೆ ಮೌಲ್ಯ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ.

ಸಂಖ್ಯೆಯನ್ನು ಇಳಿಸುವ ಅಗತ್ಯ ಏನಿತ್ತು? ಹೆಚ್ಚು ಮಾಡಬಲ್ಲವಳಿಗೆ ಇದು ಅನ್ಯಾಯವಲ್ಲವೇ?

2018ರ ಮೊದಲು ಡಿ ಅಂಕಕ್ಕೆ 10ರ ಮಿತಿ ಇತ್ತು. ಆ ವರ್ಷ ಮಿತಿಯನ್ನು ತೆಗೆದದ್ದೇ ತಡ, ರೊಟೀನ್‌ಗಳು ಉಪಕರಣದ ಸಣ್ಣ ಸಣ್ಣ ಕೌಶಲಗಳಿಂದ ಕಿಕ್ಕಿರಿದವು. ಒಂದಾದ ಮೇಲೊಂದು ಎಸೆತ, ಹಿಡಿತ, ಉರುಳು. ಉಸಿರಾಡಲು ಬಿಡುವಿಲ್ಲ, ಸಂಗೀತ ಕೇಳುವವರಿಲ್ಲ. ಸಂಗೀತದ ಜೊತೆ ನಡೆಯಬೇಕಾದ ಈ ಆಟ ಗಡಿಯಾರದ ಜೊತೆ ಓಡಲು ಆರಂಭಿಸಿತು. 2022ರ ಕೋಡ್ ಕಲಾತ್ಮಕತೆಗೆ ಪ್ರತ್ಯೇಕವಾಗಿ 10 ಅಂಕ ಕೊಟ್ಟು ಡಿಎಗೆ 20ರ ಮಿತಿ ಹಾಕಿತು. ಈಗಿನ ಕೋಡ್ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿದೆ.

ಲೆಕ್ಕ ಹಾಕಿ ನೋಡಿ. ವೈಯಕ್ತಿಕ ರೊಟೀನ್ 75ರಿಂದ 90 ಸೆಕೆಂಡಿನದು. ಅದರಲ್ಲಿ ಎಂಟೆಂಟು ಸೆಕೆಂಡಿನ ಎರಡು ನೃತ್ಯದ ಹೆಜ್ಜೆಗಳ ಭಾಗ ಇರಲೇಬೇಕು. ಪೂರ್ತಿ 90 ಸೆಕೆಂಡು ಬಳಸಿದರೂ ಉಳಿಯುವುದು 74. ಹಳೆಯ ಕೋಡ್‌ನಲ್ಲಿ 9, 5 ಮತ್ತು 20 ಕೂಡಿ 34 ಅಂಶಗಳು. ಒಂದಕ್ಕೆ ಸುಮಾರು 2.2 ಸೆಕೆಂಡು. ಹೊಸದರಲ್ಲಿ 8, 4 ಮತ್ತು 15 ಕೂಡಿ 27. ಒಂದಕ್ಕೆ ಸುಮಾರು 2.7 ಸೆಕೆಂಡು. ಕೆಲವು ಅಂಶಗಳು ಒಂದರೊಳಗೊಂದು ನಡೆಯುವುದರಿಂದ ನಿಜವಾದ ಬಿಡುವು ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಹೀಗೆ ಉಳಿದ ಅರ್ಧ ಸೆಕೆಂಡು ಕಾಗದದ ಮೇಲೆ ಚಿಕ್ಕದಾಗಿ ಕಾಣಬಹುದು. ಚೆಂಡು ಕೈಯಿಂದ ಹೊರಟ ಮೇಲೆ ಹುಡುಗಿ ಅದರ ಹಾದಿಯನ್ನು ಕಣ್ಣಿನಿಂದ ಹಿಂಬಾಲಿಸಿ, ಬೆನ್ನನ್ನು ಪೂರ್ತಿ ಬಾಗಿಸಿ, ಕಾಲನ್ನು ಕೊನೆಯವರೆಗೆ ನೀಡುವುದಕ್ಕೆ ಬೇಕಾದದ್ದು ಅಷ್ಟೇ ಸಮಯ.

ಅನ್ಯಾಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚು ಮಾಡಬಲ್ಲವಳು ಈಗ ಹೆಚ್ಚು ಮೌಲ್ಯದ್ದನ್ನು ಆರಿಸಿಕೊಳ್ಳಬಹುದು. ನಮ್ಮ ಮಕ್ಕಳ ಮಟ್ಟಿಗಂತೂ ಇದು ಒಳ್ಳೆಯ ಬದಲಾವಣೆ ಎಂದೇ ನನ್ನ ದೃಢವಾದ ಅಭಿಪ್ರಾಯ. ದಿನಕ್ಕೆ ಆರು ಗಂಟೆ ಎತ್ತರದ ಸಭಾಂಗಣದಲ್ಲಿ ಅಭ್ಯಾಸ ಮಾಡುವ ಮಕ್ಕಳೊಂದಿಗೆ, ಶಾಲೆ ಮುಗಿಸಿ ಎರಡು ಗಂಟೆ ಬರುವ ನಮ್ಮ ಮಕ್ಕಳು ಸಂಖ್ಯೆಯಲ್ಲಿ ಎಂದೂ ಪೈಪೋಟಿ ಮಾಡಲಾಗುತ್ತಿರಲಿಲ್ಲ. ಹದಿನೈದನ್ನು ಶುದ್ಧವಾಗಿ ಮಾಡುವುದು ಅವರ ಕೈಗೆ ಎಟಕುವ ಗುರಿ.

ರಿಸ್ಕ್ ಎಂದು ಕರೆಯುವುದು ಯಾವುದನ್ನು?

ಕೋಡ್‌ನಲ್ಲಿ ಆರ್ ಎಂದು ಬರೆಯುವ ಅಂಶವನ್ನೇ. ಉಪಕರಣವನ್ನು ಎತ್ತರಕ್ಕೆ ಎಸೆದು, ಅದು ಗಾಳಿಯಲ್ಲಿ ಇರುವಷ್ಟರಲ್ಲಿ ಹುಡುಗಿ ಕನಿಷ್ಠ ಎರಡು ಸುತ್ತು ತಿರುಗಿ ಅಥವಾ ಉರುಳಿ ಹಿಡಿಯಬೇಕು. ಎರಡು ಸುತ್ತಿಗೆ 0.20, ಮೂರಕ್ಕೆ 0.30. ಕಣ್ಣಿಗೆ ಕಾಣದಂತೆ ಹಿಡಿದರೆ ಅಥವಾ ಕೈ ಬಳಸದೆ ಹಿಡಿದರೆ 0.10ರಂತೆ ಸೇರುತ್ತದೆ. ಸಾಮಾನ್ಯ ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಇದಕ್ಕೇ.

ಉಪಕರಣ ಬಿದ್ದರೆ ನಷ್ಟ ಎಷ್ಟು?

ಪಾಲಕರು ಅಂದುಕೊಂಡಿರುವುದಕ್ಕಿಂತ ಹೆಚ್ಚು. ಇದ್ದಲ್ಲಿಯೇ ಎತ್ತಿಕೊಂಡರೆ ಇ ಅಂಕದಲ್ಲಿ 0.50, ಒಂದೆರಡು ಹೆಜ್ಜೆ ಹೋಗಿ ಎತ್ತಿಕೊಂಡರೆ 0.70, ಮೂರು ಅಥವಾ ಹೆಚ್ಚು ಹೆಜ್ಜೆ ಹೋಗಬೇಕಾದರೆ 1.00. ಅದರ ಮೇಲೆ, ಬೀಳುವಾಗ ನಡೆಯುತ್ತಿದ್ದ ಡಿಬಿ, ಡಿಎ ಅಥವಾ ಆರ್ ಕೂಡ ಲೆಕ್ಕದಿಂದ ಹೋಗುತ್ತದೆ. ಮೂರು ಸುತ್ತಿನ ರಿಸ್ಕ್‌ನಲ್ಲಿ ಹೂಪ್ ಕೈ ತಪ್ಪಿ ಉರುಳಿಹೋದರೆ, ಬರಬೇಕಾದ 0.30 ಬರಲಿಲ್ಲ, ಇದ್ದದ್ದರಲ್ಲಿ 1.00 ಹೋಯಿತು, ಒಟ್ಟು ಅಂತರ 1.30. ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಹೂಪ್ ಉರುಳಲು ಹತ್ತಿದರೆ ಗೋಡೆ ಮುಟ್ಟುವವರೆಗೂ ನಿಲ್ಲುವುದಿಲ್ಲ, ಆದ್ದರಿಂದ ಅಭ್ಯಾಸದಲ್ಲೂ ಕಾರ್ಪೆಟ್ ಹಾಸಿಕೊಳ್ಳುವುದು ಒಳ್ಳೆಯದು. ಸ್ಪರ್ಧೆಯ ಅಂಗಳ 13 ಮೀಟರ್ ಉದ್ದ, 13 ಮೀಟರ್ ಅಗಲದ್ದು. ಅಷ್ಟು ಕಾರ್ಪೆಟ್ ನಮ್ಮಲ್ಲಿ ಇಲ್ಲದಿದ್ದರೂ ಸುಣ್ಣದಿಂದ ಗೆರೆ ಹಾಕಿ ಅಳತೆಯನ್ನು ಮಕ್ಕಳ ಕಾಲಿಗೆ ರೂಢಿ ಮಾಡಿಸುತ್ತೇವೆ.

ಒಲಿಂಪಿಕ್ಸ್‌ನಲ್ಲಿ ಒಮ್ಮೆ 76, ಇನ್ನೊಮ್ಮೆ 142 ಅಂಕಕ್ಕೆ ಚಿನ್ನ ಬಂದಿದೆ. ಈಗಿನವರು ಅಷ್ಟೊಂದು ಮೇಲೆ ಹೋಗಿದ್ದಾರೆಯೇ?

ಇಲ್ಲ, ಅಳತೆಗೋಲು ಬದಲಾಗಿದೆ. ಇವೆಲ್ಲ ನಾಲ್ಕು ಉಪಕರಣಗಳ ಅಂಕ ಕೂಡಿಸಿದ ಮೊತ್ತಗಳು. 2012ರ ಲಂಡನ್‌ನಲ್ಲಿ ರಷ್ಯಾದ ಎವ್ಗೇನಿಯಾ ಕನಾಯೆವಾ 116.900 ಅಂಕದಿಂದ ಗೆದ್ದರು, ಆಗ ಒಂದೊಂದು ಉಪಕರಣಕ್ಕೆ 30 ಅಂಕಗಳಿದ್ದವು. 2016ರ ರಿಯೊದಲ್ಲಿ ಅದು 20ಕ್ಕೆ ಇಳಿದಿತ್ತು, ಮಾರ್ಗರಿಟಾ ಮಾಮುನ್ 76.483ಕ್ಕೆ ಚಿನ್ನ ಪಡೆದರು. ಅದೇ ಫೈನಲ್‌ನಲ್ಲಿ ಮುಂದಿದ್ದ ಯಾನಾ ಕುದ್ರ್ಯಾವ್ತ್ಸೆವಾ ಅವರ ಕೈಯಿಂದ ಕ್ಲಬ್ ಬಿದ್ದು ಪದಕದ ಬಣ್ಣವೇ ಬದಲಾಯಿತು. ಟೋಕಿಯೊದಲ್ಲಿ ಡಿ ಅಂಕದ ಮಿತಿ ಇರಲಿಲ್ಲ; ಇಸ್ರೇಲ್‌ನ ಲಿನೋಯ್ ಅಶ್ರಾಮ್ 107.800, ರಷ್ಯಾದ ದೀನಾ ಅವೆರಿನಾ 107.650, ನಡುವಿನ ಅಂತರ 0.150 ಮಾತ್ರ. 2024ರ ಪ್ಯಾರಿಸ್‌ನಲ್ಲಿ ಕಲಾತ್ಮಕತೆಗೆ ಪ್ರತಿ ಉಪಕರಣಕ್ಕೂ 10 ಅಂಕ ಹೆಚ್ಚಾಗಿ ಸೇರಿತ್ತು, ಜರ್ಮನಿಯ ದಾರ್ಯಾ ವರ್ಫೊಲೊಮೆಯೆವ್ 142.850 ಪಡೆದರು.

ಹೀಗಾಗಿ ಅಕ್ಕ 2023ರಲ್ಲಿ ಪಡೆದ ಅಂಕವನ್ನು ತಂಗಿ ಈಗ ಪಡೆದ ಅಂಕದ ಪಕ್ಕದಲ್ಲಿಟ್ಟು ಮನೆಯಲ್ಲಿ ಹೋಲಿಸಬೇಡಿ. ಐದು ಡಿಎ ಕಡಿಮೆಯಾದರೆ, ಒಂದೊಂದಕ್ಕೆ 0.30 ಎಂದು ಇಟ್ಟುಕೊಂಡರೂ, 1.50 ಅಂಕ ನಿಯಮದಿಂದಲೇ ಹೋಗಿರುತ್ತದೆ. ಅದು ಮಗುವಿನ ಹಿಂಬೀಳಿಕೆ ಅಲ್ಲ.

ಇದು ದೀಪಾ ಕರ್ಮಾಕರ್ ಅವರ ಆಟವೇ?

ಅಲ್ಲ. 2016ರ ರಿಯೊದಲ್ಲಿ ವಾಲ್ಟ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ದೀಪಾ ಅವರದು ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್. ಅದಕ್ಕೆ ಬೇರೆ ಕೋಡ್ ಇದೆ. ಇಲ್ಲಿ ಹೇಳಿದ ಯಾವ ಲೆಕ್ಕವೂ ಅಲ್ಲಿಗೆ ಅನ್ವಯಿಸುವುದಿಲ್ಲ.

ಮಗಳು ಜೂನಿಯರ್. ಇದೇ ಸಂಖ್ಯೆಗಳು ಅವಳಿಗೂ ಅನ್ವಯಿಸುತ್ತವೆಯೇ?

ಅಂತರರಾಷ್ಟ್ರೀಯ ನಿಯಮದಲ್ಲಿ ಆ ವರ್ಷ 16 ತುಂಬುವವರಿಂದ ಸೀನಿಯರ್ ವಿಭಾಗ ಆರಂಭವಾಗುತ್ತದೆ, ಅದಕ್ಕಿಂತ ಕೆಳಗಿನ 13ರಿಂದ 15ರವರು ಜೂನಿಯರ್. ಜೂನಿಯರ್‌ಗಳಿಗೆ ಲೆಕ್ಕಕ್ಕೆ ಬರುವ ಅಂಶಗಳು ಸೀನಿಯರ್‌ಗಿಂತ ಕಡಿಮೆ, ರಿಬ್ಬನ್ ಕೂಡ 6 ಮೀಟರ್ ಬದಲು 5 ಮೀಟರ್. ನಮ್ಮ ಶಾಲಾ ಕ್ರೀಡಾಕೂಟಗಳು 14, 17, 19 ವರ್ಷದೊಳಗಿನವರು ಎಂದು ವಿಂಗಡಿಸುವುದರಿಂದ ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಸ್ಪರ್ಧೆಯ ಸುತ್ತೋಲೆ ಬಂದ ಕೂಡಲೇ, ಯಾವ ವಿಭಾಗಕ್ಕೆ ಯಾವ ಕೋಡ್‌ನ ಯಾವ ಪಟ್ಟಿ ಎಂದು ಸಂಘಟಕರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಿಂದಿನ ದಿನ ರಾತ್ರಿ ರೈಲಿನಲ್ಲಿ ಕೂತು ರೊಟೀನ್ ಬದಲಿಸುವ ಪರಿಸ್ಥಿತಿ ಯಾವ ಮಗುವಿಗೂ ಬರಬಾರದು.

ಎತ್ತರದ ಸಭಾಂಗಣ ಇಲ್ಲದೆ ಎತ್ತರದ ಎಸೆತ ಕಲಿಯುವುದು ಹೇಗೆ?

ಇದು ನಮ್ಮ ಭಾಗದ ನಿಜವಾದ ಕೊರತೆ. ಸ್ಪರ್ಧೆಯ ಸಭಾಂಗಣದ ಚಾವಣಿ ಕನಿಷ್ಠ 8 ಮೀಟರ್ ಎತ್ತರ ಇರಬೇಕು. ಎತ್ತರದ ಎಸೆತ ಎನಿಸಿಕೊಳ್ಳಲು ಉಪಕರಣ ಹುಡುಗಿಯ ಎತ್ತರದ ಎರಡು ಪಟ್ಟಿಗಿಂತ ಮೇಲೆ ಹೋಗಬೇಕು. 145 ಸೆಂಟಿಮೀಟರ್ ಎತ್ತರದ ಹುಡುಗಿಗೆ ಅದು 2.90 ಮೀಟರ್. ಹತ್ತು ಅಡಿ ಎತ್ತರದ ಕೋಣೆ ಎಂದರೆ ಮೂರು ಮೀಟರ್ ಚಿಲ್ಲರೆ, ಫ್ಯಾನ್ ಅದಕ್ಕಿಂತ ಕೆಳಗೆ. ಅಂದರೆ ಮನೆಯಲ್ಲಿ ಎಸೆದು ಕಲಿತ ಮಗು, ತನಗೇ ಗೊತ್ತಿಲ್ಲದಂತೆ, ಎಣಿಕೆಗೆ ಬಾರದ ಎತ್ತರಕ್ಕೆ ಎಸೆಯುವ ರೂಢಿ ಮಾಡಿಕೊಂಡಿರುತ್ತದೆ.

ನಾವು ಮಾಡುವ ಉಪಾಯ ಇಷ್ಟೇ. ಬೆಳಗ್ಗೆ ಐದೂವರೆಗೆ, ಗಾಳಿ ಏಳುವ ಮೊದಲು, ಬಯಲಿನಲ್ಲಿ ಬೇವಿನ ಗಿಡದ ಟೊಂಗೆಗೆ ಮೂರು ಮೀಟರ್ ಎತ್ತರದಲ್ಲಿ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದ್ದೇವೆ. ಚೆಂಡು ಅದನ್ನು ದಾಟಿದರೆ ಎಣಿಕೆ, ದಾಟದಿದ್ದರೆ ಇಲ್ಲ. ಮಕ್ಕಳು ಒಬ್ಬರಿಗೊಬ್ಬರು ತೀರ್ಪುಗಾರರಾಗುತ್ತಾರೆ, ತುಂಬ ನಿಷ್ಠುರವಾಗಿಯೇ ಎಣಿಸುತ್ತಾರೆ. ಚೆಂಡು ಮತ್ತು ಹೂಪ್‌ಗೆ ಬಯಲು ಸಾಕು. ಕ್ಲಬ್ಸ್‌ಗೆ ಮಾತ್ರ ಅಂತರ ಬಿಟ್ಟು ನಿಲ್ಲಿಸಬೇಕು; ಒಂದೊಂದು ಕ್ಲಬ್ 150 ಗ್ರಾಂ ಇರುತ್ತದೆ, ಮೇಲಿನಿಂದ ಬಿದ್ದರೆ ಪೆಟ್ಟು ಸಣ್ಣದಲ್ಲ.

ಬೇಸಿಗೆಯಲ್ಲಿ ರಿಬ್ಬನ್ ಅಭ್ಯಾಸ ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಫ್ಯಾನ್ ಇಲ್ಲದೆ ಒಳಗೆ ನಿಲ್ಲಲಾಗುವುದಿಲ್ಲ. ಆದರೆ ಆರು ಮೀಟರ್ ಉದ್ದದ ಸ್ಯಾಟಿನ್ ಪಟ್ಟಿಯ ತೂಕ ಕನಿಷ್ಠ 35 ಗ್ರಾಂ ಮಾತ್ರ. ಫ್ಯಾನ್ ತಿರುಗುತ್ತಿದ್ದರೆ ಅದರ ಹಾವಿನ ಆಕಾರ ಮೂರನೆಯ ಅಲೆಗೇ ಕೆಡುತ್ತದೆ, ನಿಯಮ ಕೇಳುವುದು ನಾಲ್ಕೈದು ಅಲೆ. ಹೊರಗೆ ಹೋದರೆ ಗಾಳಿ. ಆದ್ದರಿಂದ ಬೇಸಿಗೆಯಲ್ಲಿ ರಿಬ್ಬನ್‌ಗೆ ಇಪ್ಪತ್ತೇ ನಿಮಿಷ ಇಡುತ್ತೇನೆ: ಸೂರ್ಯ ಏರುವ ಮೊದಲು, ಒಳಗೆ, ಎಲ್ಲ ಫ್ಯಾನ್ ನಿಲ್ಲಿಸಿ. ಐದು ನಿಮಿಷಕ್ಕೊಮ್ಮೆ ಮಕ್ಕಳು ನೀರು ಕುಡಿಯುತ್ತಾರೆ. ಬೆವರಿದ ಕೈಯಲ್ಲಿ ಕಡ್ಡಿ ಜಾರುವುದರಿಂದ ಒರೆಸಲು ಹಳೆಯ ಧೋತರದ ತುಂಡೊಂದನ್ನು ಪ್ರತಿಯೊಬ್ಬರೂ ತರಬೇಕು.

ಹೊಸ ನಿಯಮಕ್ಕೆ ಹೊಸ ಸಾಮಾನು ಕೊಳ್ಳಬೇಕೇ?

ಬೇಡ. ಕಠಿಣತೆಯ ಎಣಿಕೆಗೂ ಉಪಕರಣದ ಅಳತೆಗೂ ಸಂಬಂಧವಿಲ್ಲ. ಸೀನಿಯರ್ ಚೆಂಡು 18ರಿಂದ 20 ಸೆಂಟಿಮೀಟರ್ ವ್ಯಾಸದ್ದಾಗಿ ಕನಿಷ್ಠ 400 ಗ್ರಾಂ ತೂಗಿದರೆ, ಹೂಪ್ 80ರಿಂದ 90 ಸೆಂಟಿಮೀಟರ್ ಒಳ ವ್ಯಾಸದ್ದಾಗಿ ಕನಿಷ್ಠ 300 ಗ್ರಾಂ ತೂಗಿದರೆ ಸಾಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿ, ಸರಿ ಇದ್ದರೆ ಅದನ್ನೇ ಬಳಸಿ.

ತೀರ್ಪು ತಪ್ಪು ಎನಿಸಿದರೆ ಪ್ರಶ್ನಿಸಬಹುದೇ?

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕಠಿಣತೆಯ ಅಂಕವನ್ನು ಮಾತ್ರ ಪ್ರಶ್ನಿಸಬಹುದು, ಅದೂ ತನ್ನ ಸ್ಪರ್ಧಿಯ ಅಂಕವನ್ನು ಮಾತ್ರ. ಕಲಾತ್ಮಕತೆ ಮತ್ತು ಶುದ್ಧತೆಯ ಅಂಕಗಳಿಗೆ ಆ ಅವಕಾಶವಿಲ್ಲ. ಪ್ರಶ್ನಿಸಬೇಕಾದವರು ತರಬೇತುದಾರರು, ಪಾಲಕರಲ್ಲ. ಅಂಕ ಬಂದ ಕ್ಷಣದಲ್ಲಿಯೇ ಯಾವ ಡಿಬಿ, ಯಾವ ಡಿಎ ಎಂದು ಗುರುತಿಸಿ ಹೇಳಬಲ್ಲವರು ಮಾತ್ರ ಮುಂದೆ ಹೋಗಬೇಕು. ನೋಟ್‌ಬುಕ್ ಪುಟದ ಉಪಯೋಗ ಇಲ್ಲಿಯೂ ಇದೆ. ಮೇಜಿನ ಆ ಕಡೆ ಕುಳಿತವಳಾಗಿ ಹೇಳುತ್ತೇನೆ: ಗಟ್ಟಿ ಧ್ವನಿಯಿಂದ ಒಂದು ಅಂಕವೂ ಬದಲಾಗಿದ್ದನ್ನು ನಾನು ನೋಡಿಲ್ಲ, ಸರಿಯಾದ ಸಂಕೇತ ತೋರಿಸಿದಾಗ ಬದಲಾಗಿದ್ದನ್ನು ನೋಡಿದ್ದೇನೆ.

ಈಗಿರುವ ರೊಟೀನ್ ಅನ್ನು ಎಲ್ಲಿಂದ ತಿದ್ದಲು ಆರಂಭಿಸಬೇಕು?

ಮೊದಲು ಮಗುವಿನ ರೊಟೀನ್ ಅನ್ನು ಮೂರು ಬೇರೆ ಬೇರೆ ದಿನ ವಿಡಿಯೊ ಮಾಡಿ. ಮೂರರಲ್ಲಿ ಮೂರೂ ಸಲ ಪೂರ್ತಿಯಾದ ಡಿಎಗಳಿಗೆ ಸರಿ ಗುರುತು ಹಾಕಿ. ಎರಡು ಸಲ ಆದವುಗಳನ್ನು ಉಳಿಸಿ ಅಭ್ಯಾಸಕ್ಕೆ ಇಡಿ. ಒಂದೇ ಸಲ ಆದದ್ದನ್ನು ಎಷ್ಟೇ ಚೆಂದವಾಗಿದ್ದರೂ ಈ ವರ್ಷದ ಸ್ಪರ್ಧೆಗೆ ಬಿಟ್ಟುಬಿಡಿ. ಉಳಿದವುಗಳಲ್ಲಿ ಹೆಚ್ಚು ಮೌಲ್ಯದವನ್ನು ಮುಂದಕ್ಕೆ ತನ್ನಿ, ಆದರೆ ಎಲ್ಲವನ್ನೂ ಮೊದಲ ಅರ್ಧದಲ್ಲಿ ತುರುಕಬೇಡಿ, ಏಕೆಂದರೆ ದಮ್ಮು ಕಟ್ಟಿದ ಮಗುವಿನ ಕಾಲಿನ ಕೋನ ಇಳಿದು ಡಿಬಿ ಹೋಗುತ್ತದೆ. ಹದಿನೈದು ಆಗಲೇಬೇಕು ಎಂಬ ಹಟವೂ ಬೇಡ. ಅದು ಮೇಲಿನ ಮಿತಿ ಮಾತ್ರ, ಕಡ್ಡಾಯವಲ್ಲ. ಕನಿಷ್ಠ ಒಂದು ಡಿಎ ಇದ್ದರೂ ನಿಯಮ ಒಪ್ಪುತ್ತದೆ. ಹನ್ನೊಂದು ಪೂರ್ತಿಯಾದ ಡಿಎಗಳಿರುವ ಹುಡುಗಿ, ಹದಿನೈದಕ್ಕೆ ಕೈ ಹಾಕಿ ಎಂಟು ಗಳಿಸಿದವಳಿಗಿಂತ ಮುಂದೆ ನಿಲ್ಲುತ್ತಾಳೆ.

ತೆಗೆದುಹಾಕಿದ ಜಾಗದಲ್ಲಿ ಹೊಸದನ್ನು ತುಂಬಬೇಡಿ. ಅಲ್ಲಿ ಸಂಗೀತ ಏನು ಹೇಳುತ್ತಿದೆ ಎಂದು ಮಗುವನ್ನೇ ಕೇಳಿ. ಕಳೆದ ತಿಂಗಳು ಹೂಪ್ ರೊಟೀನ್‌ನಿಂದ ಮೂರು ಡಿಎ ತೆಗೆದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆ ಜಾಗದಲ್ಲಿ ಒಂದು ಗಳಿಗೆ ನಿಂತು, ಹೂಪ್ ಒಳಗಿನಿಂದ ತಲೆ ಎತ್ತಿ ನೋಡಿ, ಬಳಿಕ ಓಡಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳ ರೊಟೀನ್‌ನಲ್ಲಿ ಈಗ ಅದು ಹಾಗೆಯೇ ಇದೆ.